ಬೂಷ್ಟಿನ ಅಲರ್ಜಿ: ಮನೆಯಲ್ಲೇ ಪತ್ತೆ ಹಚ್ಚುವ ಸುಲಭ ವಿಧಾನ

ಮೊದಲು ತೀರ್ಮಾನ ಮಾಡಿಕೊಳ್ಳಿ, ಪರೀಕ್ಷೆ ಆಮೇಲೆ. ಈ ಕ್ರಮವನ್ನು ಹಿಂದುಮುಂದು ಮಾಡಿ ಕೆಟ್ಟವರು ಬಹಳ ಮಂದಿ. ಬೆಳಿಗ್ಗೆ ಎದ್ದ ಕೂಡಲೇ ಸೀನು, ಮೂಗಿನಲ್ಲಿ ನೀರು, ಕಣ್ಣು ತುರಿಕೆ, ಗಂಟಲಲ್ಲಿ ಕೆರೆತ ಇದ್ದರೆ ಬಚ್ಚಲುಮನೆಯ ಸೂರು ನೋಡಿ. ಅಲ್ಲಿ ಕಪ್ಪು ಕಲೆಗಳಿದ್ದರೆ ನಿಮಗಿರುವುದು ಬೂಷ್ಟಿನ ಅಲರ್ಜಿ. ಕಲೆ ಇಲ್ಲದಿದ್ದರೆ ಕಣ್ಣಿಗೆ ಕಾಣದ ಬೂಷ್ಟಿನ ಅಲರ್ಜಿ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಮನೆಯವರಿಗೆಲ್ಲ ಹೇಳಿ, ಆಫೀಸಿನಲ್ಲೂ ಹೇಳಿ. ನಾಲ್ಕು ಜನರ ಮುಂದೆ ಹೇಳಿದ ಕಾಯಿಲೆಯನ್ನು ವಾಪಸ್ ಪಡೆಯುವುದು ಕಷ್ಟ. ಮುಂದಿನ ಪರೀಕ್ಷೆಗಳಿಗೆ ಬೇಕಾದ ಛಲ ಹುಟ್ಟುವುದೇ ಆ ಕಷ್ಟದಿಂದ.

ಈ ಕೈಪಿಡಿ ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ವರ್ಗವಾಗಿ ಹೋದ ಕನ್ನಡಿಗರಿಗಾಗಿ. ರೈಲ್ವೆ, ನೌಕಾಪಡೆ, ಉಕ್ಕಿನ ಕಾರ್ಖಾನೆ ಎಂದು ಹೋದವರು ಮೊದಲಿನಿಂದಲೂ ಇದ್ದರು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ 2020ರ ಏಪ್ರಿಲ್ 1ರಂದು ಒಂದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದ ಮೇಲೆ ವರ್ಗಾವಣೆಯ ನಕಾಶೆ ಇನ್ನಷ್ಟು ದೊಡ್ಡದಾಯಿತು. ಬೆಂಗಳೂರಿನಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ಎರಡೂ ಊರು ಒಂದೇ ದಾರಿಯಲ್ಲಿ ಸಿಗುತ್ತವೆ, ನಡುವೆ ಸುಮಾರು 350 ಕಿಲೋಮೀಟರ್. ಆದರೆ ಬೂಷ್ಟಿನ ದೃಷ್ಟಿಯಿಂದ ಎರಡರ ಗುಣ ಬೇರೆ. ವಿಶಾಖಪಟ್ಟಣದಲ್ಲಿ ತೇವ ಸಮುದ್ರದಿಂದ ಗಾಳಿಯ ಮೇಲೆ ಬರುತ್ತದೆ. ವಿಜಯವಾಡದಲ್ಲಿ ಹೊಳೆಯಿಂದ ಎದ್ದು ಬಾಗಿಲಲ್ಲೇ ನಡೆದುಬರುತ್ತದೆ.

ಮನೆಯನ್ನು ಸರಿಯಾಗಿ ಆರಿಸಿ. ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ವಿಶಾಖಪಟ್ಟಣದಲ್ಲಾದರೆ ಕಡಲು ಕಾಣುವ ಫ್ಲಾಟ್ ಹಿಡಿಯಿರಿ. ಉಪ್ಪುಗಾಳಿಗೆ ಕಿಟಕಿಯ ಬಿಜಾಗರಿ ತುಕ್ಕು ಹಿಡಿದು ಕಿಟಕಿ ತೆರೆಯದಂತಾಗಿರಬೇಕು. ಬಟ್ಟೆ ಒಣಗುವುದು ಒಳಗಿನ ಕೋಣೆಯಲ್ಲೇ ಆಗಬೇಕು. ಗೋಡೆಯ ಕಲೆ ತೋರಿಸಿ ಕೇಳಿದರೆ ಓನರ್ "ಹುದ್‌ಹುದ್ ಅಂಡಿ" ಎನ್ನುತ್ತಾರೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಆ ಊರಿಗೇ ಬಂದು ಬಡಿದದ್ದು, ಮರಗಳನ್ನು ಬುಡಮೇಲು ಮಾಡಿದ್ದು, ವಿಮಾನ ನಿಲ್ದಾಣದ ಚಾವಣಿಯನ್ನೇ ಕಿತ್ತದ್ದು ಎಲ್ಲವೂ ನಿಜ. ಕಟ್ಟಡ ಅದಾದ ಐದು ವರ್ಷಕ್ಕೆ ಎದ್ದದ್ದಲ್ಲವೇ ಎಂದು ಕೇಳಬೇಡಿ. ಅಡ್ವಾನ್ಸ್ ಕೊಡಿ.

ವಿಜಯವಾಡದಲ್ಲಾದರೆ ಹೊಸದಾಗಿ ಬಣ್ಣ ಬಳಿದ ನೆಲಮಹಡಿಯ ಮನೆಗೆ ಆದ್ಯತೆ ಕೊಡಿ. 2024ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹಳ್ಳದ ಕಟ್ಟೆ ಒಡೆದು ಸಿಂಗ್ ನಗರ, ಪಾಯಕಾಪುರಂ, ರಾಜರಾಜೇಶ್ವರಿ ಪೇಟ ಮುಳುಗಿದವು. ಅದೇ ಹೊತ್ತಿಗೆ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ದಾಟಿ ಹರಿಯುತ್ತಿದ್ದಳು. ಮನೆಗಳಲ್ಲಿ ಎದೆಮಟ್ಟದ ನೀರು ದಿನಗಟ್ಟಲೆ ನಿಂತಿತು. ಕೊನೆಗೆ ಕೆಸರು ತೊಳೆಯಲು ಅಗ್ನಿಶಾಮಕ ವಾಹನಗಳೇ ಬರಬೇಕಾಯಿತು. ನೆನೆದದ್ದು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬೇರು ಬಿಡುತ್ತದೆ ಎಂಬುದು ಎಲ್ಲ ಕಡೆಯ ಲೆಕ್ಕ. ನೀವು ಬರುವ ಹೊತ್ತಿಗೆ ನೀರಿನ ಗೆರೆಯ ಮೇಲೆ ತಿಳಿಗುಲಾಬಿ ಬಣ್ಣ ಬಿದ್ದಿರುತ್ತದೆ. ನೀರು ಕುಡಿದ ಪ್ಲೈವುಡ್ ಕಪಾಟಿಗೆ ಹೊಸ ಲ್ಯಾಮಿನೇಟ್ ಅಂಟಿರುತ್ತದೆ. ಕಪಾಟಿನ ಹಿಂಬದಿಗೆ ಟಾರ್ಚ್ ಬಿಡುವ ಚಾಳಿ ಇದ್ದರೆ ಅದನ್ನು ಊರಲ್ಲೇ ಬಿಟ್ಟು ಬನ್ನಿ.

ತೇವಾಂಶ ಅಳೆಯುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳಬೇಡಿ. ಮನೆಯೊಳಗೆ ಶೇಕಡಾ 60ಕ್ಕಿಂತ ಕಡಿಮೆ ಇರಬೇಕೆಂದು ಅದು ದಿನವೂ ನೆನಪಿಸುತ್ತದೆ. ಕಡಲ ತೀರದಲ್ಲಿ ಮಳೆಗಾಲದುದ್ದಕ್ಕೂ 75, 80 ಎಂದು ತೋರಿಸಿ ಮನಸ್ಸು ಕೆಡಿಸುತ್ತದೆ. ಅದರ ಬದಲು ಊರಿನ ಅಮ್ಮನಿಗೆ ಫೋನ್ ಮಾಡಿ. ತೀರ್ಥಹಳ್ಳಿಯೋ ಶಿರಸಿಯೋ ಆದರೆ ಉತ್ತರ ಸಿದ್ಧವಿರುತ್ತದೆ: "ನಮ್ಮನೆ ಗೋಡೆ ಮೇಲೆ ಮಳೆಗಾಲ ಪೂರ್ತಿ ಬೂಷ್ಟೇ ಇರ್ತಿತ್ತಲ್ಲೋ, ಯಾರಿಗೆ ಏನಾಯ್ತು?" ಅಜ್ಜ ಮೂವತ್ತು ವರ್ಷ ಗೂರಲು ಗೂರಲು ಎಂದು ಜಗಲಿಯಲ್ಲಿ ಕೂತೇ ರಾತ್ರಿ ಕಳೆದದ್ದನ್ನು ನೆನಪಿಸಬೇಡಿ. ಅದು ಬೇರೆ ವಿಷಯ.

ಈಗ ತಟ್ಟೆಯ ಪರೀಕ್ಷೆ. ಇದು ಈ ಕೈಪಿಡಿಯ ಹೃದಯ, ಮಕ್ಕಳಿರುವ ಮನೆಯಲ್ಲಿ ವಿಜ್ಞಾನದ ವಾತಾವರಣವನ್ನೂ ತರುತ್ತದೆ. ಪ್ರಯೋಗಾಲಯದವರು ಶಿಲೀಂಧ್ರ ಬೆಳೆಸಲು ಬಳಸುವುದು ಆಲೂಗೆಡ್ಡೆಯ ರಸ, ಡೆಕ್ಸ್‌ಟ್ರೋಸ್ ಸಕ್ಕರೆ, ಅಗಾರ್. ಅಷ್ಟೂ ನಿಮ್ಮ ಅಡುಗೆಮನೆಯಲ್ಲಿವೆ. ಎರಡು ಆಲೂಗೆಡ್ಡೆ ಬೇಯಿಸಿ ನೀರು ಬಸಿದುಕೊಳ್ಳಿ. ಅದಕ್ಕೆ ಒಂದು ಚಮಚ ಸಕ್ಕರೆ, ಹಲ್ವಕ್ಕೆ ತಂದು ಉಳಿದ ಚೈನಾ ಗ್ರಾಸ್ ಹಾಕಿ ಕುದಿಸಿ. ಸ್ಟೀಲ್ ತಟ್ಟೆಗೆ ಹುಯ್ದು ಆರಲು ಬಿಡಿ. ಆಲೂಗೆಡ್ಡೆಯನ್ನು ಪಲ್ಯಕ್ಕೆ ಬಳಸಿ.

ತಟ್ಟೆಯನ್ನು ಮಲಗುವ ಕೋಣೆಯಲ್ಲಿ, ಫ್ಯಾನಿನ ನೇರ ಕೆಳಗೆ, ತೆರೆದಿಡಿ. ಇನ್ನೊಂದು ತಟ್ಟೆಯನ್ನು ಹೊರಗೆ ಬಾಲ್ಕನಿಯಲ್ಲಿಟ್ಟು ಹೋಲಿಸಿ ನೋಡಿ ಎಂದು ಯಾರಾದರೂ ಓದಿದವರು ಹೇಳಿಯಾರು. ಕೇಳಬೇಡಿ. ಹೊರಗಿನ ತಟ್ಟೆಯಲ್ಲೂ ಅಷ್ಟೇ ಬೂಷ್ಟು ಬಂದರೆ ಓನರ್ ಜೊತೆ ಜಗಳಕ್ಕೆ ಆಧಾರವೇ ಉಳಿಯುವುದಿಲ್ಲ. ಐದಾರು ದಿನ ಕಾಯಿರಿ. ಬಿಳಿ ಹತ್ತಿ, ಹಸಿರು ಪುಡಿ, ಕಪ್ಪು ಮಖಮಲ್ಲು ಎಲ್ಲವೂ ಬರುತ್ತವೆ, ಬಂದೇ ಬರುತ್ತವೆ. ಆಸ್ಪರ್ಜಿಲಸ್ ಬೀಜಕಣದ ಅಡ್ಡಳತೆ ಎರಡು ಮೂರು ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತಲೂ ಸಣ್ಣದು; ಉಸಿರಾಡುವ ಗಾಳಿಯಿರುವ ಕಡೆಯೆಲ್ಲ ಅದಿದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ ತಟ್ಟೆಯಲ್ಲಿ ಬೂಷ್ಟು ಬಂದಿತ್ತು. ಅವರು ಅದನ್ನು ನೋಡಿ ಪೆನಿಸಿಲಿನ್ ಕಂಡುಹಿಡಿದರು. ನೀವು ಅದನ್ನು ನೋಡಿ ನಿಮ್ಮ ಮೂಗಿನ ಬಗ್ಗೆ ಕಂಡುಹಿಡಿಯಿರಿ. ತಟ್ಟೆ ಹೇಳುವುದು ಗಾಳಿಯಲ್ಲಿ ಏನಿದೆ ಎಂಬುದನ್ನು ಮಾತ್ರ, ನಿಮ್ಮ ರಕ್ತ ಅದರೊಡನೆ ಜಗಳವಾಡುತ್ತದೆಯೇ ಎಂಬುದನ್ನಲ್ಲ ಎಂಬ ತಕರಾರು ತೆಗೆಯುವವರನ್ನು ಊಟಕ್ಕೆ ಕರೆಯಬೇಡಿ. ಅಂದಹಾಗೆ ಎಣ್ಣೆ ಮೇಲೆ ನಿಲ್ಲದ ಆವಕಾಯಿ ಜಾಡಿಯಲ್ಲೂ ಇದೇ ಫಲಿತಾಂಶ ಬರುತ್ತದೆ, ಆದರೆ ಅದನ್ನು ಅತ್ತೆಯವರ ಎದುರು ಪರೀಕ್ಷೆ ಎಂದು ಕರೆಯುವ ಧೈರ್ಯ ಬೇಕು.

ಬಣ್ಣ ಕಪ್ಪು ಬಂದರೆ ಫೋಟೊ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ 'ಬ್ಲ್ಯಾಕ್ ಫಂಗಸ್' ಎಂದು ಹಾಕಿ. 2021ರ ಮೇ ತಿಂಗಳನ್ನು ಯಾರೂ ಮರೆತಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕನೇ ಮಹಡಿಯವರು ಫ್ರಿಜ್ಜಿನ ರಬ್ಬರು ಕಿತ್ತಿರುತ್ತಾರೆ. ಆ ವರ್ಷ ಜನರನ್ನು ಕಾಡಿದ ಮ್ಯೂಕರ್ ಶಿಲೀಂಧ್ರ ಬೇರೆಯೇ ಜಾತಿಯದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡು ಎರಡೂ ಸೇರಿ ಅದಕ್ಕೆ ದಾರಿ ಮಾಡಿಕೊಟ್ಟವು. ಕಪ್ಪಾದದ್ದು ಸತ್ತ ಮಾಂಸ, ಶಿಲೀಂಧ್ರವಲ್ಲ. ಆ ಕಾಯಿಲೆ ಸಾಂಕ್ರಾಮಿಕವಲ್ಲ, ಅಲರ್ಜಿಯೂ ಅಲ್ಲ. ಈ ವಿವರಗಳನ್ನೆಲ್ಲ ಫಾರ್ವರ್ಡ್ ಮಾಡಲು ಹೋದರೆ ಮೆಸೇಜು ಉದ್ದವಾಗುತ್ತದೆ.

ಇನ್ನೂ ಗಟ್ಟಿ ದಾಖಲೆ ಬೇಕಿದ್ದರೆ ಗೋಡೆಗೆ ಸೆಲ್ಲೊಟೇಪ್ ಅಂಟಿಸಿ ಕಿತ್ತು ಯಾವುದಾದರೂ ಲ್ಯಾಬಿಗೆ ಕಳಿಸಿ. ಕ್ಲಾಡೊಸ್ಪೋರಿಯಮ್, ಆಲ್ಟರ್ನೇರಿಯಾ, ಪೆನಿಸಿಲಿಯಮ್ ಎಂಬ ಹೆಸರುಗಳು ವರದಿಯಲ್ಲಿ ಬರುತ್ತವೆ. ಬಾಯಿಪಾಠ ಮಾಡಿ. ಮನೆಯೊಳಗೆ ಇಷ್ಟು ಬೀಜಕಣ ಇರಬಹುದು, ಇದಕ್ಕಿಂತ ಹೆಚ್ಚು ಕೂಡದು ಎಂಬ ಒಪ್ಪಿತ ಮಿತಿಯೇ ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಕಣ್ಣಿಗೆ ಕಾಣುವ ಬೂಷ್ಟಿಗೆ ಪರೀಕ್ಷೆ ಸಾಮಾನ್ಯವಾಗಿ ಬೇಡ, ತೆಗೆದು ಒಣಗಿಸಿ ಸಾಕು ಎನ್ನುತ್ತದೆ. ಮಿತಿಯಿಲ್ಲದ ಪರೀಕ್ಷೆಯಲ್ಲಿ ಯಾರೂ ಫೇಲಾಗುವುದಿಲ್ಲ, ದುಡ್ಡು ಕೊಟ್ಟವರಂತೂ ಖಂಡಿತ ಆಗುವುದಿಲ್ಲ.

ಚರ್ಮದ ಪರೀಕ್ಷೆಗೆ ಬನ್ನಿ. ಇದಕ್ಕೆ ಮಾನ್ಯ ಪೂರ್ವಜರಿದ್ದಾರೆ: 1873ರಲ್ಲಿ ಪುಸ್ತಕ ಬರೆದ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಚರ್ಮವನ್ನೇ ಕೆರೆದುಕೊಂಡು ಹುಲ್ಲಿನ ಪರಾಗ ಸವರಿ ನೋಡಿದ್ದ. ಇಂದಿನ ಅಲರ್ಜಿ ವೈದ್ಯರು ಮುಂಗೈ ಮೇಲೆ ಹನಿಗಳಿಟ್ಟು ಸಣ್ಣ ಮುಳ್ಳಿನಂಥದರಿಂದ ಚುಚ್ಚುತ್ತಾರೆ. ಒಂದು ಹನಿ ಹಿಸ್ಟಮಿನ್, ಒಂದು ಬರೀ ಉಪ್ಪುನೀರು, ಉಳಿದವು ಧೂಳಿನ ನುಸಿ, ಜಿರಲೆ, ಪರಾಗ, ಬೂಷ್ಟು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ದದ್ದನ್ನು ಅಳೆದು, ಉಪ್ಪುನೀರಿನ ದದ್ದಿಗಿಂತ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್ ಎನ್ನುತ್ತಾರೆ. ಪಾಸಿಟಿವ್ ಬಂದ ಮೇಲೂ ನಿಮ್ಮ ತೊಂದರೆಯ ಕಥೆಗೂ ಅದಕ್ಕೂ ತಾಳೆ ನೋಡುತ್ತಾರೆ. ಯಾರಿಗಾದರೂ ಮೈಯೆಲ್ಲ ಪ್ರತಿಕ್ರಿಯೆ ಬಂದರೆ ಎಂದು ಪಕ್ಕದಲ್ಲೇ ಅಡ್ರಿನಲಿನ್ ಇಟ್ಟುಕೊಂಡಿರುತ್ತಾರೆ. ಇಷ್ಟೊಂದು ಸಂಶಯದ ಪ್ರಾಣಿಗಳಿಂದ ನಿಮಗೆ ನೆಮ್ಮದಿ ಸಿಗುವುದಿಲ್ಲ.

ಮನೆಯ ವಿಧಾನ ನೇರವಾದದ್ದು. ಗೋಡೆಯ ಕಲೆಗೆ ಬೆರಳು ಒತ್ತಿ ಮುಂಗೈಗೆ ಉಜ್ಜಿ. ಉಪ್ಪುನೀರು, ಹಿಸ್ಟಮಿನ್ ಯಾವುದೂ ಬೇಡ. ಹೋಲಿಕೆಯೇ ಎಲ್ಲ ಗೊಂದಲಕ್ಕೂ ಮೂಲ. ಕೆಂಪಾದರೆ ಪಾಸಿಟಿವ್. ಉಜ್ಜಿದರೆ ಯಾವ ಚರ್ಮವೂ ಕೆಂಪಾಗುತ್ತದೆ ಎಂಬ ವಾದ ಬಂದರೆ ಇನ್ನೂ ಜೋರಾಗಿ ಉಜ್ಜಿ. ಹತ್ತಿರದಲ್ಲಿ ಸೊಳ್ಳೆ ಕಚ್ಚಿದ ದದ್ದಿದ್ದರೆ ಅದನ್ನೂ ಅಳತೆಗೆ ಸೇರಿಸಿ. ಗೀರಿದ ಜಾಗ ಕೀವು ಕಟ್ಟಿದರೆ 'ತೀವ್ರ ಪಾಸಿಟಿವ್' ಎಂದು ಬರೆದು ದಿನಾಂಕ ಹಾಕಿ.

ಎಂದಾದರೊಂದು ದಿನ ವೈದ್ಯರ ಬಳಿ ಹೋಗಲೇಬೇಕಾಗಿ ಬಂದರೆ ಹಿಂದಿನ ರಾತ್ರಿ ಸೆಟ್ರಿಜಿನ್ ಮಾತ್ರೆ ಮರೆಯದೆ ನುಂಗಿ. ಚರ್ಮದ ಪರೀಕ್ಷೆಗೆ ವಾರದ ಮುಂಚಿನಿಂದ ಇಂಥ ಮಾತ್ರೆ ನಿಲ್ಲಿಸಿರಬೇಕೆಂದು ಅವರು ಹೇಳುತ್ತಾರೆ, ಇಲ್ಲದಿದ್ದರೆ ದದ್ದೇ ಏಳುವುದಿಲ್ಲ. ನೀವು ನುಂಗಿ ಹೋದರೆ ಎಲ್ಲ ನೆಗೆಟಿವ್ ಬರುತ್ತದೆ, ಆಗ "ಡಾಕ್ಟರಿಗೆ ಏನೂ ಗೊತ್ತಿಲ್ಲ" ಎಂಬ ಮಹತ್ವದ ಫಲಿತಾಂಶ ಕೈಗೆ ಸಿಗುತ್ತದೆ. ಮಾತ್ರೆಯೇ ಒಂದು ಪರೀಕ್ಷೆ ಎಂಬ ಪಂಥವೂ ಇದೆ: ನುಂಗಿ, ಸೀನು ನಿಂತರೆ ಬೂಷ್ಟಿನ ಅಲರ್ಜಿ. ಅದೇ ಮಾತ್ರೆಗೆ ನುಸಿಯ ಸೀನೂ ಬೆಕ್ಕಿನ ಸೀನೂ ನಿಲ್ಲುತ್ತದೆ ಎಂಬುದನ್ನು ಪಂಥದವರು ಒಪ್ಪುವುದಿಲ್ಲ.

ಕೊರಿಯರಿನಲ್ಲಿ ಬರುವ ಕಿಟ್ಟುಗಳೂ ಇವೆ. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ಕಳಿಸಿ, ಇಲ್ಲವೇ ನಾಲ್ಕು ಕೂದಲು ಕಳಿಸಿ. ಅಲರ್ಜಿಗಳ ಉದ್ದನೆಯ ಪಟ್ಟಿ ಬಣ್ಣದ ಪುಟಗಳಲ್ಲಿ ಬರುತ್ತದೆ. ಕೊಳ್ಳುವ ಮುನ್ನ ಒಂದೇ ಎಚ್ಚರ ವಹಿಸಿ: ಅದು ಅಳೆಯುವುದು ಐಜಿಇ ಎಂಬ ಪ್ರತಿಕಾಯವನ್ನೋ ಐಜಿಜಿ ಎಂಬುದನ್ನೋ ಎಂದು ಓದಲು ಹೋಗಬೇಡಿ. ಅಲರ್ಜಿಗೆ ಸಂಬಂಧಿಸಿದ್ದು ಐಜಿಇ. ಐಜಿಜಿ ಹೇಳುವುದು ನಿಮ್ಮ ದೇಹಕ್ಕೆ ಆ ವಸ್ತುವಿನ ಪರಿಚಯ ಆಗಿದೆ ಎಂದಷ್ಟೇ. ಕೂದಲು ಏನನ್ನೂ ಹೇಳುವುದಿಲ್ಲ, ಕೂದಲಿಗೆ ಆ ಅಭ್ಯಾಸವಿಲ್ಲ.

ಊರು ಬಿಟ್ಟು ನೋಡುವ ಪರೀಕ್ಷೆಗೆ ಖರ್ಚು ಹೆಚ್ಚು, ಸಂತೋಷವೂ ಹೆಚ್ಚು. ದಸರಾ ರಜೆಗೆ ಊರಿಗೆ ಹೋಗಿ. ಮೂಗು ತಿಳಿಯಾದರೆ ವಿಶಾಖಪಟ್ಟಣದ ಗೋಡೆಯೇ ಅಪರಾಧಿ. ಬೆಂಗಳೂರಿನಲ್ಲಿ ಸೀನು ಇನ್ನೂ ಹೆಚ್ಚಾದರೆ ಆ ದಿನಗಳನ್ನು ಲೆಕ್ಕದಿಂದ ಬಿಡಿ; ತವರಿನ ಪಾರ್ಥೇನಿಯಂ ಮೇಲೆ ದೂರು ಹೇಳಬಾರದು. ಆಫೀಸಿನ ಏಸಿಯ ಫಿಲ್ಟರು, ತಲೆದಿಂಬಿನ ನುಸಿ, ಬಂದರಿನ ಕಡೆಯಿಂದ ಬರುವ ಕಲ್ಲಿದ್ದಲ ಧೂಳು, ವಿಜಯವಾಡದ ಪಕ್ಕದ ಇಬ್ರಾಹಿಂಪಟ್ಟಣದ ಶಾಖೋತ್ಪನ್ನ ಸ್ಥಾವರದ ಹಾರುಬೂದಿ, ಇವನ್ನೆಲ್ಲ ಶಂಕಿತರ ಪಟ್ಟಿಗೆ ಸೇರಿಸಿದರೆ ಪರೀಕ್ಷೆ ಮುಗಿಯುವುದೇ ಇಲ್ಲ. ಪರೀಕ್ಷೆಯ ದಿನಗಳಲ್ಲಿ ಕೋಣೆ ಶುದ್ಧವಾಗಿರಲೆಂದು ಸಾಂಬ್ರಾಣಿ ಹೊಗೆ ಹಾಕಿ, ಎರಡು ಊದುಬತ್ತಿ, ಒಂದು ಸೊಳ್ಳೆಬತ್ತಿ ಹಚ್ಚಿ. ಕೆಮ್ಮು ಬಂದರೆ ಬೂಷ್ಟಿನ ಖಾತೆಗೆ ಬರೆಯಿರಿ.

ಪೀಕ್ ಫ್ಲೋ ಮೀಟರ್ ಎಂಬ ಊದುಕೊಳವೆಯನ್ನು ಮಾತ್ರ ಮನೆಗೆ ತರಬೇಡಿ. ಬೆಳಿಗ್ಗೆ ಸಂಜೆ ಊದಿ ಅಂಕಿ ಬರೆದಿಟ್ಟರೆ ಎರಡು ವಾರದಲ್ಲಿ ನಿಮ್ಮ ಶ್ವಾಸನಾಳ ಯಾವಾಗ ಬಿಗಿಯುತ್ತದೆ ಎಂಬ ಪಟ್ಟಿ ವೈದ್ಯರ ಕೈಗೆ ಸಿಕ್ಕಿಬಿಡುತ್ತದೆ. ಮನೆಯಲ್ಲಿ ಮಾಡಬಹುದಾದ ಅಳತೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಇದು, ಆದ್ದರಿಂದಲೇ ಈ ಕೈಪಿಡಿಗೆ ಹೊಂದುವುದಿಲ್ಲ.

ಫಲಿತಾಂಶ ಖಚಿತವಾದ ಮೇಲೆ ಗೋಡೆ ಶುಚಿ ಮಾಡಿ. ಒಣ ಪೊರಕೆಯಿಂದ, ಫ್ಯಾನ್ ಪೂರ್ತಿ ಸ್ಪೀಡಿನಲ್ಲಿಟ್ಟು, ಮೂಗಿಗೆ ಏನೂ ಕಟ್ಟಿಕೊಳ್ಳದೆ ಉಜ್ಜಿ. ಒಂದು ಗೋಡೆಯಲ್ಲಿದ್ದದ್ದು ನಾಲ್ಕು ಗೋಡೆಗೂ ಸಮನಾಗಿ ಹಂಚಿಕೆಯಾಗುತ್ತದೆ. ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ಇನ್ನೂ ಚೆನ್ನ ಎಂದು ಯಾರಾದರೂ ಹೇಳುತ್ತಾರೆ. ಈ ಕೈಪಿಡಿಯೂ ಬಿಟ್ಟುಬಿಟ್ಟ ಹೆಜ್ಜೆ ಅದೊಂದೇ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ವರದಿ ಬರೆಯಲು ಪರೀಕ್ಷಕರೇ ಉಳಿಯದೆ ಹೋಗಬಹುದು. ಉಜ್ಜಿದ ಮೇಲೆ ಅದರ ಮೇಲೇ ಬಣ್ಣ ಬಳಿಸಿ. ಬಣ್ಣ ಹಪ್ಪಳದಂತೆ ಎದ್ದರೆ ಪಿವಿಸಿ ಪ್ಯಾನೆಲ್ ಹೊಡೆಸಿ. ಹಿಂದೆ ಕತ್ತಲೆ, ತೇವ, ಗಾಳಿಯಾಡದ ಎರಡಿಂಚು ಜಾಗ ಸಿಗುತ್ತದೆ. ಬೂಷ್ಟು ತನಗಾಗಿ ಮನೆ ಕಟ್ಟಿಸಿಕೊಂಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಕಟ್ಟಿಸಿಕೊಳ್ಳುತ್ತಿರಲಿಲ್ಲ.

ರಾತ್ರಿ ಎದೆಯಲ್ಲಿ ಸೀಟಿ ಊದಿದಂತಾದರೆ, ಮಗುವಿಗೆ ಮಾತು ಪೂರ್ತಿ ಮಾಡಲಾಗದಷ್ಟು ಉಬ್ಬಸ ಬಂದರೆ, ಅದಕ್ಕೆ ಇಲ್ಲಿ ಪರೀಕ್ಷೆಯಿಲ್ಲ. ಪುಸ್ತಕ ಎಸೆದು 108ಕ್ಕೆ ಕರೆ ಮಾಡಿ. ಆ ಸೇವೆ ದೇಶದಲ್ಲಿ ಮೊದಲು ಶುರುವಾದದ್ದೇ ಆಂಧ್ರದಲ್ಲಿ, 2005ರಲ್ಲಿ. ಹಳೆಯ ಆಸ್ತಮಾ ಇದ್ದು ಕಂದು ಬಣ್ಣದ ಕಫ ಬರುತ್ತಿದ್ದರೂ ಅಷ್ಟೇ, ತಡಮಾಡಬೇಡಿ. ಆಸ್ಪರ್ಜಿಲಸ್ ಶ್ವಾಸಕೋಶದಲ್ಲೇ ಅಲರ್ಜಿ ಎಬ್ಬಿಸುವ ಒಂದು ಕಾಯಿಲೆಯಿದೆ. ನಮ್ಮ ದೇಶದಲ್ಲಿ ಅದನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದವರಿದ್ದಾರೆ. ವಿಶಾಖಪಟ್ಟಣದಲ್ಲಿ 1923ರಿಂದ ಆಂಧ್ರ ಮೆಡಿಕಲ್ ಕಾಲೇಜಿದೆ, ಎದೆರೋಗಗಳಿಗೆಂದೇ ಸರ್ಕಾರಿ ಆಸ್ಪತ್ರೆಯೂ ಇದೆ.

ಬರೀ ಸೀನು, ಬರೀ ತುರಿಕೆ ಇರುವವರು ಇಲ್ಲೇ ಮುಂದುವರಿಯಿರಿ. ತಟ್ಟೆ ತೊಳೆದು ಇನ್ನೊಂದು ಸುತ್ತು ಆಲೂಗೆಡ್ಡೆ ಬೇಯಿಸಿ. ಮೇಲಿನ ಫ್ಲಾಟಿನ ಬಚ್ಚಲ ಪೈಪು ತೊಟ್ಟಿಕ್ಕುವ ಸದ್ದು ಕೇಳುತ್ತಿದ್ದರೆ ಟೀವಿ ಜೋರು ಮಾಡಿ. ಪ್ಲಂಬರನನ್ನು ಮಾತ್ರ ಕರೆಸಬೇಡಿ. ಅವನು ಬಂದು ಜಾಯಿಂಟ್ ಬಿಗಿ ಮಾಡಿದರೆ ಗೋಡೆ ಒಣಗುತ್ತದೆ, ಗೋಡೆ ಒಣಗಿದರೆ ಮನೆಯಲ್ಲಿ ಪರೀಕ್ಷಿಸಲು ಏನೂ ಇರುವುದಿಲ್ಲ.